ಮೊತ್ತಕ್ಕೆ ಸಿಗದ ಮಳೆ

ಅವಿಭಜಿತ ಅನಂತಪುರ ಜಿಲ್ಲೆಯ ವಾಡಿಕೆ ಮಳೆ ವರ್ಷಕ್ಕೆ ಸುಮಾರು 550 ಮಿಲಿಮೀಟರ್. ಬರದ ಬಗ್ಗೆ ಯಾವ ವರದಿ ತೆಗೆದರೂ ಮೊದಲ ಪುಟದಲ್ಲೇ ಈ ಅಂಕಿ ಇರುತ್ತದೆ. ಕಡಿಮೆ ಮಳೆಯಲ್ಲಿ ಜೈಸಲ್ಮೇರ್ ಬಿಟ್ಟರೆ ನಮ್ಮದೇ ಎಂಬ ಮಾತೂ ಅದರ ಬೆನ್ನಿಗೇ ಬರುತ್ತದೆ. ಆ ಅಂಕಿಗೆ ಬೇಕಾದ ಚಿಲ್ಲರೆಯನ್ನು ಬೆಳಗ್ಗೆ ಎಂಟೂವರೆಗೆ ಗಾಜಿನ ಲೋಟದಲ್ಲಿ ಅಳೆದು ಬರೆದವರಲ್ಲಿ ನಾನೂ ಒಬ್ಬ. ತಾಲ್ಲೂಕು ಕಚೇರಿಗೆ ಗುಮಾಸ್ತನಾಗಿ ಸೇರಿದ ಮೇಲೆ ಯಾರಿಗೂ ಬೇಡವಾದ ಈ ಕೆಲಸ ನನಗೆ ಅಂಟಿಕೊಂಡಿತು. ಮೊದಲು ರಾಯದುರ್ಗ, ಆಮೇಲೆ ನಮ್ಮೂರಿಗೆ ಹತ್ತಿರದ ಮಡಕಶಿರಾ. ಆ 550 ಸುಳ್ಳಲ್ಲ. ಆದರೆ ಅದನ್ನು ಹಿಡಿದುಕೊಂಡು ಈ ಸೀಮೆಯ ಒಂದು ವರ್ಷವನ್ನೂ ಅರ್ಥಮಾಡಿಕೊಳ್ಳಲಾಗದು. ಇಲ್ಲಿ ಬೆಳೆ ಬಂದದ್ದು, ಕೆರೆ ಕಟ್ಟಿದ್ದು, ಜನ ಊರು ಬಿಟ್ಟದ್ದು ಎಲ್ಲವನ್ನೂ ನಿರ್ಧರಿಸಿದ್ದು ಒಂದು ಮಳೆಗೂ ಇನ್ನೊಂದು ಮಳೆಗೂ ನಡುವಿನ ಬಿಡುವು.

ನಕಾಶೆಯಲ್ಲಿ ಆಗುಂಬೆ, ಮಡಕಶಿರಾ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಆಗುಂಬೆಗೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿದ ಮಳೆ. ಅರಬ್ಬೀ ಸಮುದ್ರದಿಂದ ಎದ್ದ ಮೋಡ ಘಟ್ಟ ಹತ್ತುವಾಗಲೇ ಭಾರ ಇಳಿಸಿ, ಈಚೆ ಇಳಿಯುವಾಗ ಕಾದು ಒಣಗಿ, ನಮ್ಮಲ್ಲಿಗೆ ಬರುವಷ್ಟರಲ್ಲಿ ಬಹುಪಾಲು ಗಾಳಿಯಷ್ಟೇ ಉಳಿದಿರುತ್ತದೆ. ಹಿಂಗಾರು ಹೊರಡುವುದು ಬಂಗಾಳ ಕೊಲ್ಲಿಯಿಂದ. ಅದು ನೆಲ್ಲೂರಿನ ಕರಾವಳಿ ತೋಯಿಸಿ, ಪೂರ್ವಘಟ್ಟದ ಗುಡ್ಡ ದಾಟಿ ಇಲ್ಲಿಗೆ ಮುಟ್ಟಬೇಕಾದರೆ ಒಂದು ವಾಯುಭಾರ ಕುಸಿತ ಹಿಂದಿನಿಂದ ತಳ್ಳಬೇಕು. ಕೊಲ್ಲಿಯಲ್ಲಿ ತುಫಾನು ಎದ್ದಿದೆ ಎಂದು ರೇಡಿಯೋ ಹೇಳಿದರೆ ನೆಲ್ಲೂರಿನವರು ಹೆದರುತ್ತಿದ್ದರು, ನಮ್ಮವರು ಮುಖ ಅರಳಿಸುತ್ತಿದ್ದರು. ಎರಡೂ ಮಳೆಗಾಲದಲ್ಲಿ ನಾವು ಕೊನೇ ಪಂಕ್ತಿಯ ಊಟದವರು.

ನಾನು ಮಳೆ ಅಳೆದ ಎರಡು ಊರುಗಳಿಗೇ ಒಂದೇ ಹವೆ ಇಲ್ಲ. ಮಡಕಶಿರಾ ಮೈಸೂರು ಪ್ರಸ್ಥಭೂಮಿಯ ಅಂಚು, ಎರಡು ಸಾವಿರ ಅಡಿಗೂ ಮೇಲೆ. ಸುತ್ತ ಶಿರಾ, ಪಾವಗಡ, ಮಧುಗಿರಿ. ಕೆಂಪು ಮಣ್ಣು, ಗುಂಡುಕಲ್ಲಿನ ಬೆಟ್ಟ, ತಂಪು ರಾತ್ರಿ. ಅಗಳಿ, ಅಮರಾಪುರದ ಕಡೆ ಅಡಿಕೆ ತೋಟಗಳೂ ಇವೆ ಎಂದರೆ ಅನಂತಪುರದವರೇ ನಂಬುವುದಿಲ್ಲ. ರಾಯದುರ್ಗ ಜಿಲ್ಲೆಯ ವಾಯವ್ಯ ಮೂಲೆ. ಬಳ್ಳಾರಿಯ ಬಯಲು, ಒಂದಷ್ಟು ಎರೆ ಮಣ್ಣು, ಹಗರಿ ಹೊಳೆಯ ಮರಳು, ಮತ್ತು ಗಾಳಿ. ಆಷಾಢದ ಆ ಗಾಳಿಯಲ್ಲಿ ಮೋಡಗಳು ತಲೆಯ ಮೇಲೆ ಓಡುತ್ತಿರುತ್ತವೆ, ನಿಲ್ಲುವುದಿಲ್ಲ. ಇವತ್ತು ರಾಯದುರ್ಗ, ಕಲ್ಯಾಣದುರ್ಗದ ಕಡೆ ಗುಡ್ಡಗಳ ಮೇಲೆ ನಿಂತ ಕರೆಂಟಿನ ಫ್ಯಾನುಗಳು ತಿರುಗುವುದೂ ಅದೇ ಗಾಳಿಗೆ.

ಮಳೆ ಮಾಪಕ ದೊಡ್ಡ ಯಂತ್ರವೇನಲ್ಲ. ಐದಿಂಚು ಬಾಯಿಯ ಒಂದು ಲಾಳಿಕೆ, ಅದರ ಕೆಳಗೆ ಬಾಟಲಿ, ಸುತ್ತ ಒಂದು ಡಬ್ಬಿ. ಬಾಯಿಯ ಅಂಚು ನೆಲದಿಂದ ಒಂದಡಿ ಮೇಲಿರುವಂತೆ ಗಾರೆಯಲ್ಲಿ ಹೂತಿರುತ್ತಾರೆ. ಮೇಕೆ ಬರದಂತೆ ಮುಳ್ಳುತಂತಿ. ಬಾಟಲಿಯ ನೀರನ್ನು ಅಳತೆ ಲೋಟಕ್ಕೆ ಬಗ್ಗಿಸಿ ಕಣ್ಣಿನ ಮಟ್ಟಕ್ಕೆ ಹಿಡಿದರೆ ನೀರು ಗಾಜಿನ ಅಂಚಿನಲ್ಲಿ ಒಂದಿಷ್ಟು ಮೇಲೇರಿ ನಡುವೆ ತಗ್ಗಿರುವುದು ಕಾಣುತ್ತದೆ. ಆ ತಗ್ಗಿನ ಗೆರೆಯನ್ನೇ ಓದಬೇಕು. ಎರಡೂವರೆ ಮಿಲಿಮೀಟರ್ ಮುಟ್ಟಿದರೆ ಅದು ‘ಮಳೆ ದಿನ’, ಮುಟ್ಟದಿದ್ದರೆ ಮಳೆ ಬಂದೂ ಬರದ ದಿನ. ರಾಯದುರ್ಗದ ಗಾಳಿಗೆ ಹನಿ ಓರೆಯಾಗಿ ಬಂದು ಲಾಳಿಕೆಯ ಮೇಲಿಂದಲೇ ಹಾರಿಹೋಗುತ್ತಿತ್ತು. ಗಾಳಿ ಬಿರುಸಾದಷ್ಟೂ ಮಾಪಕ ಕಡಿಮೆ ಹಿಡಿಯುತ್ತದೆ ಎಂಬುದು ಹವಾಮಾನ ಇಲಾಖೆಗೂ ತಿಳಿದ ವಿಷಯವೇ.

ಕಚೇರಿ ಎದುರಿನ ಟೀ ಅಂಗಡಿಯಲ್ಲಿ ಕೂರುತ್ತಿದ್ದ ಒಬ್ಬ ಹಿರಿಯ ರೈತರು ನಾನು ಲೋಟ ತೊಳೆದು ಈಚೆ ಬರುವುದನ್ನೇ ಕಾಯುತ್ತಿದ್ದರು.

“ಏನಪ್ಪಾ ಗುಮಾಸ್ತ, ನಿನ್ ಡಬ್ಬಿ ಎಷ್ಟಂತು?”

“ಎಂಟು ಮಿಲಿಮೀಟರ್, ತಾತಾ.”

“ನನ್ ಹೊಲದಾಗ ಎರಡು ಬೆಟ್ಟು ಹಸಿ ಇಳಿದಿಲ್ಲ. ನಿನ್ ಡಬ್ಬಿ ಕಚೇರಿಗೆ ನೆಂದೈತಿ ಬಿಡು, ನನ್ ಹೊಲಕ್ಕಲ್ಲ.”

ಅವರ ಮಾಪಕ ಅವರ ಕೈಬೆರಳು. ಮಣ್ಣು ಕೆದಕಿ, ಹಸಿ ಎಷ್ಟು ಆಳಕ್ಕೆ ಇಳಿದಿದೆ, ಮೇಲಿನ ಹಸಿ ಕೆಳಗಿನ ಹಸಿಯನ್ನು ಕೂಡಿತೋ ಇಲ್ಲವೋ ನೋಡುತ್ತಿದ್ದರು. ಕೂಡದಿದ್ದರೆ ಬಿತ್ತನೆ ಇಲ್ಲ. ನನ್ನ ರಿಜಿಸ್ಟರಿನಲ್ಲಿ ಅದಕ್ಕೆ ಕಾಲಮ್ಮೇ ಇರಲಿಲ್ಲ.

ಹಳೇ ರಿಜಿಸ್ಟರುಗಳಲ್ಲಿ ಮಳೆ ಇಂಚು, ಸೆಂಟಿನಲ್ಲಿ ಇರುತ್ತಿತ್ತು. ಇಂಚಿನ ನೂರನೇ ಭಾಗ ಒಂದು ಸೆಂಟು. ರಾಯದುರ್ಗದ ಹಳೇ ಲೆಕ್ಕ ಬಳ್ಳಾರಿ ಜಿಲ್ಲೆಯದು. 1882ರಲ್ಲಿ ಬಳ್ಳಾರಿಯನ್ನು ಒಡೆದು ಅನಂತಪುರ ಜಿಲ್ಲೆ ಮಾಡಿದಾಗ ಮಡಕಶಿರಾ ಹೊಸ ಜಿಲ್ಲೆಗೆ ಬಂತು, ರಾಯದುರ್ಗ ಬಳ್ಳಾರಿಯಲ್ಲೇ ಉಳಿಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಮೈಸೂರಿಗೆ ಹೋಯಿತು. ರಾಯದುರ್ಗ, ಆಲೂರು, ಆದೋನಿ ಮೂರೂ ಆಂಧ್ರದಲ್ಲಿ ಉಳಿದವು, ರಾಯದುರ್ಗ ಅನಂತಪುರಕ್ಕೆ ಸೇರಿತು. 2022ರ ಏಪ್ರಿಲ್‌ನಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾಯಿತು. ಹಾಗಾಗಿ ಕಳೆದ ನೂರನಲವತ್ತು ವರ್ಷಗಳಲ್ಲಿ ಈ ಎರಡು ಊರಿನ ಮಳೆ ಒಂದೇ ಜಿಲ್ಲೆಯ ಸರಾಸರಿಯೊಳಗೆ ಬಿದ್ದದ್ದು ಎಪ್ಪತ್ತು ವರ್ಷಕ್ಕೂ ಕಡಿಮೆ. ಗಡಿಯ ಈಚೆ ಆಚೆ ಒಂದೇ ಬದುವಿನ ಎರಡು ಹೊಲ, ಒಂದು ಬರದ ಪಟ್ಟಿಯಲ್ಲಿದ್ದು ಇನ್ನೊಂದು ಇಲ್ಲದ ವರ್ಷಗಳನ್ನು ನಮ್ಮ ಕಡೆಯ ಎಲ್ಲರೂ ನೋಡಿದ್ದಾರೆ.

ಸರ್ಕಾರ ಅಳೆಯುವುದಕ್ಕೆ ಎಷ್ಟೋ ಮುಂಚೆ ರೈತರು ಮಳೆಯನ್ನು ತುಂಡು ಮಾಡಿ ಇಟ್ಟುಕೊಂಡಿದ್ದರು. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರೆ, ಆರಿದ್ರೆ ಹೀಗೆ ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಇದನ್ನು ಪಂಚಾಂಗದ ಮೂಢನಂಬಿಕೆ ಎಂದು ನನ್ನ ಓರಗೆಯ ಗುಮಾಸ್ತರು ನಗುತ್ತಿದ್ದರು. ನಕ್ಷತ್ರ ಮಳೆ ತರುತ್ತದೆ ಎಂದು ನಾನೂ ನಂಬಿದವನಲ್ಲ. ಆದರೆ ಆ ಪಟ್ಟಿ ಮಾಡುವ ಕೆಲಸ ಬೇರೆಯೇ: ಯಾವ ಹದಿನಾಲ್ಕು ದಿನದಲ್ಲಿ ಮಳೆ ತಪ್ಪಿದರೆ ಯಾವ ಬೀಜವನ್ನು ಮನೆಯಲ್ಲೇ ಉಳಿಸಿಕೊಳ್ಳಬೇಕು, ಯಾವುದನ್ನು ಹೊರಗೆ ತೆಗೆಯಬೇಕು ಎಂಬ ಲೆಕ್ಕ. ಆರಿದ್ರೆ ಕೈಕೊಟ್ಟರೆ ರಾಗಿಯನ್ನು ತಡಮಾಡಿ ಹಾಕು, ಮಖೆಯೂ ಹೋದರೆ ಹುರುಳಿ ಚೆಲ್ಲು. ವರ್ಷದ ಮೊತ್ತ ಅದರಲ್ಲಿ ಎಲ್ಲೂ ಇಲ್ಲ.

ಮಡಕಶಿರಾ ಕಡೆ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಡುತ್ತಿದ್ದದ್ದು ಇದೇ ಲೆಕ್ಕದಿಂದ. ಆರೆಂಟು ಸಾಲು ರಾಗಿಗೆ ಒಂದು ಸಾಲು ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಬದುವಿನಲ್ಲಿ ಹರಳು. ಆಗಸ್ಟ್‌ನಲ್ಲಿ ಬಿಡುವು ಬಿದ್ದು ರಾಗಿ ಸೊರಗಿದರೂ ಬೇರು ಆಳಕ್ಕಿಳಿದ ತೊಗರಿ ನಿಲ್ಲುತ್ತದೆ. ಅಕ್ಟೋಬರ್ ಮಳೆಗೆ ಅವರೆ ಚಿಗುರಿಕೊಳ್ಳುತ್ತದೆ. ರಾಯದುರ್ಗದ ಎರೆ ಹೊಲದವರು ಮುಂಗಾರನ್ನು ಹೆಚ್ಚು ನೆಚ್ಚುತ್ತಿರಲಿಲ್ಲ. ನೆಲಕ್ಕೆ ಹಸಿ ಕುಡಿಸಿ ಹಿಂಗಾರಿಗೆ ಜೋಳ ಹಾಕುತ್ತಿದ್ದರು. ಕೈಗೆ ಬಂದ ವರ್ಷದ ಜೋಳವನ್ನು ಹಗೇವಿಗೆ ಇಳಿಸುತ್ತಿದ್ದರು. ನೆಲದೊಳಗಿನ ಗುಂಡಿ, ಗೋಡೆಗೆ ಹುಲ್ಲಿನ ಒತ್ತು, ಮೇಲೆ ಕಲ್ಲು, ಮಣ್ಣು. ತೆಗೆಯುವ ದಿನ ಬಾಯಿ ತೆರೆದು ಆವಿ ಹೋಗಲು ಬಿಟ್ಟು, ದೀಪ ಇಳಿಸಿ ಅದು ಆರದಿದ್ದರೆ ಮಾತ್ರ ಆಳು ಇಳಿಯಬೇಕು. ಅವಸರ ಮಾಡಿದವರು ಒಳಗೇ ಉಸಿರುಕಟ್ಟಿ ಸತ್ತ ಕಥೆ ಇಲ್ಲದ ಊರಿಲ್ಲ.

ಬಿಡುವನ್ನು ದಾಟುವ ಇನ್ನೊಂದು ದಾರಿ ಕೆರೆ. ಮಡಕಶಿರಾ ತಾಲ್ಲೂಕಿನ ಹೇಮಾವತಿ ಹಿಂದೆ ಹೆಂಜೇರು, ನೊಳಂಬರ ರಾಜಧಾನಿ. ಅಲ್ಲಿನ ಕಂಬಗಳಲ್ಲಿ ಕೆಲವು ಈಗ ಚೆನ್ನೈ ವಸ್ತುಸಂಗ್ರಹಾಲಯದಲ್ಲಿವೆ, ನೋಡಲು ಜನ ಅಲ್ಲಿಗೆ ಹೋಗುತ್ತಾರೆ. ಆದರೆ ನನ್ನ ಮಟ್ಟಿಗೆ ಆ ಕಾಲದ ದೊಡ್ಡ ಕೆಲಸ ಕಂಬವಲ್ಲ, ಕೆರೆ ನೋಡಿಕೊಳ್ಳುವವನಿಗೆ ಬಿತ್ತುವಟ್ಟವೆಂದು ಭೂಮಿ ಬಿಟ್ಟುಕೊಡುವ ಪದ್ಧತಿ. ಕೆರೆ ಕಟ್ಟುವುದು ಒಂದು ತಲೆಮಾರಿನ ಕೆಲಸ, ಹೂಳು ತೆಗೆಯುವುದು ಎಲ್ಲ ತಲೆಮಾರಿನದು ಎಂದು ಅವರಿಗೆ ತಿಳಿದಿತ್ತು. ವಿಜಯನಗರದ ಕಾಲಕ್ಕೆ ಇದು ಶಾಸ್ತ್ರವೇ ಆಯಿತು. ಕಡಪದ ಪೋರುಮಾಮಿಳ್ಳದಲ್ಲಿ 1369ರ ಶಾಸನವೊಂದು ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ತಪ್ಪಿಸಬೇಕಾದ ಆರು ದೋಷಗಳನ್ನೂ ಪಟ್ಟಿ ಮಾಡಿದೆ. ದಿನಕ್ಕೆ ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ ಎಂದು ಲೆಕ್ಕವನ್ನೂ ಕೊಟ್ಟಿದೆ. 1388ರಲ್ಲಿ ಪೆನುಕೊಂಡೆಯಲ್ಲಿದ್ದ ಪ್ರತಾಪ ಬುಕ್ಕರಾಯ ಪೆನ್ನೆ ಹೊಳೆಯ ನೀರನ್ನು ಪೆನುಕೊಂಡೆಗೆ ತರುವಂತೆ ಜಲಸೂತ್ರದ ಸಿಂಗಾಯಭಟ್ಟನಿಗೆ ಅಪ್ಪಣೆ ಮಾಡಿದ. ಆತ ಗೌರಿಬಿದನೂರಿನ ಕಲ್ಲೋಡಿಯಿಂದ ಸಿರುವೆರೆಯ ಕೆರೆಗೆ ಕಾಲುವೆ ಎಳೆದ. ರಾಜನ ಹೆಸರಿನ ಜೊತೆ ಇಂಜಿನಿಯರನ ಹೆಸರನ್ನೂ ಕಲ್ಲಿನಲ್ಲಿ ಕೆತ್ತಿಸಿದ ಕಾಲ ಅದು. ಈಗ ಶಂಕುಸ್ಥಾಪನೆ ಕಲ್ಲುಗಳಲ್ಲಿ ಯಾರ ಯಾರ ಹೆಸರಿರುತ್ತದೆ ಎಂದು ಓದುಗರೇ ನೋಡಿಕೊಳ್ಳಲಿ.

ಕೆರೆಯ ಈ ಉಪಾಯ ನಮ್ಮದೊಂದೇ ಅಲ್ಲ. ಉಷ್ಣವಲಯದ ದ್ವೀಪವೆಂದರೆ ವರ್ಷವೆಲ್ಲ ಮಳೆ, ತೆಂಗು, ಹಸಿರು ಎಂದುಕೊಳ್ಳುತ್ತೇವೆ. ಶ್ರೀಲಂಕೆಯಲ್ಲಿ ನಡುವಿನ ಬೆಟ್ಟಗಳು ನೈಋತ್ಯದ ಮಳೆಯನ್ನು ತಡೆದು ಕೊಲಂಬೋ ಕಡೆಗೆ ಸುರಿಸುತ್ತವೆ, ಅನುರಾಧಪುರದ ಕಡೆ ಒಣಸೀಮೆ ಉಳಿಯುತ್ತದೆ. ಅಲ್ಲೂ ಹಿಂಗಾರೇ ಗತಿ, ಅಲ್ಲೂ ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ಬೀಳುವ ಸರಪಳಿ. ಒಂದೇ ಕಷ್ಟಕ್ಕೆ ಇಬ್ಬರೂ ಒಂದೇ ಉಪಾಯ ಹುಡುಕಿದ್ದಾರೆ. ಆದರೆ ಅವರ ಒಣಸೀಮೆಗೂ ನಮ್ಮ ಎರಡರಷ್ಟು ಮಳೆ. ಕೆರೆಯೂ ಬತ್ತಿದ ಮೇಲೆ ನಮ್ಮವರು ಹೊಳೆಯ ಮರಳನ್ನೇ ಬಗೆದು ಊಟೆ ನೀರಿಗೆ ಕಾಲುವೆ ಮಾಡುತ್ತಿದ್ದರು. ಪಾವಗಡ, ಮಧುಗಿರಿ ಕಡೆಯ ತಲಪರಿಗೆಗಳೂ ಅದೇ ಜಾತಿಯವು.

ಹಗರಿಯ ಕಥೆ ಹೇಳದೆ ರಾಯದುರ್ಗ ಮುಗಿಯುವುದಿಲ್ಲ. ಮೇಲೆ ವೇದಾವತಿ, ಕೆಳಗೆ ಹಗರಿ. ಮೈಸೂರಿನವರು ಹಿರಿಯೂರಿನ ಹತ್ತಿರ ಮಾರಿಕಣಿವೆಗೆ ಅಣೆಕಟ್ಟು ಕಟ್ಟಿ 1907ಕ್ಕೆ ಮುಗಿಸಿದರು. ಮದ್ರಾಸನ್ನು ಕೇಳದೆ ಇಂಥ ಕೆಲಸ ಕೂಡದೆಂದು 1892ರಲ್ಲೇ ಒಪ್ಪಂದ ಆಗಿತ್ತು. ಆ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಕೆಳಗೆ ಗುಮ್ಮಗಟ್ಟದ ಬಳಿ ಭೈರವಾನಿತಿಪ್ಪ ಕಟ್ಟೆ ಕಟ್ಟಿಕೊಂಡು ನಮ್ಮವರು ನೀರಿಗಾಗಿ ಕಾದದ್ದೇ ಹೆಚ್ಚು. ಹರಿಯದ ಹೊಳೆಯಲ್ಲಿ ಮರಳು ಒಣಗಿತು, ಬೇಸಿಗೆ ಮತ್ತು ಆಷಾಢದ ಪಡುವಣ ಗಾಳಿ ಅದನ್ನು ಎತ್ತಿ ಮೂಡಣ ದಡದ ಹೊಲಗಳ ಮೇಲೆ ಸುರಿಯಿತು. ಕಣೇಕಲ್ಲು, ಬೊಮ್ಮನಹಾಳು ಕಡೆ ಮರಳಿನ ದಿಬ್ಬಗಳೇ ಎದ್ದಿವೆ. ಬದು ಎಲ್ಲಿತ್ತು ಎಂದು ಸರ್ವೇಯರಿಗೆ ತೋರಿಸಲಾಗದ ಹೊಲಗಳನ್ನು ನಾನು ಕಂಡಿದ್ದೇನೆ. ಅದೇ ಕಣೇಕಲ್ಲಿನ ದೊಡ್ಡ ಕೆರೆಗೆ ತುಂಗಭದ್ರಾ ಮೇಲ್ಮಟ್ಟದ ಕಾಲುವೆಯ ನೀರು ಬರುತ್ತದೆ. ಒಂದು ಕಡೆ ಭತ್ತದ ಗದ್ದೆ, ಇನ್ನೊಂದು ಕಡೆ ಮರಳುಗಾಡು, ನಡುವೆ ಬಸ್ಸಿನ ದಾರಿ.

ಇಷ್ಟೆಲ್ಲ ಉಪಾಯಗಳೂ ಸೋತ ವರ್ಷಗಳೆಂದರೆ ಧಾತು, ಈಶ್ವರ ಸಂವತ್ಸರಗಳು. ಇಂಗ್ಲಿಷ್ ಲೆಕ್ಕದಲ್ಲಿ 1876ರಿಂದ 78. 1876ರಲ್ಲಿ ಮುಂಗಾರೂ ಹೋಯಿತು, ಹಿಂಗಾರೂ ಹೋಯಿತು, ಮಾರನೇ ವರ್ಷದ ಮುಂಗಾರೂ ಬೇಕಾದಾಗ ಬರಲಿಲ್ಲ. ಒಂದು ಬಿಡುವನ್ನು ಹಗೇವು ದಾಟಿಸುತ್ತದೆ, ಎರಡನ್ನು ಕೆರೆ, ಹಗೇವು ಸೇರಿ ದಾಟಿಸಬಹುದು. ಮೂರನ್ನು ದಾಟಿಸುವುದು ಯಾವುದೂ ಇರಲಿಲ್ಲ. ಮದ್ರಾಸ್ ಪ್ರಾಂತದಲ್ಲಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು, ಆಗ ನಮ್ಮ ಎರಡೂ ಊರು ಅದರೊಳಗಿದ್ದವು. ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಬಂದು, ಕಾಮಗಾರಿಯ ಆಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಜೊತೆಗೆ ಚಿಲ್ಲರೆ ಕಾಸು ಸಾಕೆಂದ. ಮಣ್ಣು ಹೊರುವವನಿಗೆ ಅಷ್ಟು ಸಾಲದೆಂದು ಮದ್ರಾಸಿನ ಆರೋಗ್ಯ ಕಮಿಷನರ್ ಕಾರ್ನಿಷ್ ಕಾಗದದ ಮೇಲೆ ಕಾಗದ ಬರೆದ. 1881ರ ಜನಗಣತಿ ಹೊತ್ತಿಗೆ ಬಳ್ಳಾರಿ ಸೀಮೆಯ ಜನಸಂಖ್ಯೆ ಸುಮಾರು ಐದರಲ್ಲೊಂದು ಪಾಲು ಇಳಿದಿತ್ತು.

ಭಾರತದ ಹವಾಮಾನ ಇಲಾಖೆ ಶುರುವಾಗಿದ್ದು 1875ರಲ್ಲಿ. ಅದರ ಮುಖ್ಯಸ್ಥ ಬ್ಲಾನ್‌ಫರ್ಡ್ ಕೂತು ಅಂಕಿ ಕೂಡಿಸುವ ಮೊದಲೇ ಈ ಬರ ಬಂದು ಬಡಿಯಿತು. 1904ರಲ್ಲಿ ಅದೇ ಕುರ್ಚಿಗೆ ಬಂದ ಗಿಲ್ಬರ್ಟ್ ವಾಕರ್, ಮುಂಗಾರು ಯಾಕೆ ಕೈಕೊಡುತ್ತದೆ ಎಂದು ಹುಡುಕುತ್ತಾ ಪೆಸಿಫಿಕ್ ಸಾಗರದ ಎರಡು ತುದಿಗಳ ಗಾಳಿಯ ಒತ್ತಡ ಒಂದು ಏರಿದರೆ ಇನ್ನೊಂದು ಇಳಿಯುವುದನ್ನು ಗುರುತಿಸಿದ. ಇವತ್ತು ಅದನ್ನು ಅಳೆಯುವುದು ತಹಿತಿ ದ್ವೀಪಕ್ಕೂ ಆಸ್ಟ್ರೇಲಿಯಾದ ಡಾರ್ವಿನ್‌ಗೂ ನಡುವಿನ ವ್ಯತ್ಯಾಸದಿಂದ. ಆ ಒತ್ತಡದ ಏರುಪೇರಿನ ಜೊತೆಗೇ ಪೆಸಿಫಿಕ್ ನೀರು ವಾಡಿಕೆ ಮೀರಿ ಕಾಯುವುದನ್ನು ಎಲ್ ನಿನೊ ಎನ್ನುತ್ತಾರೆ. 1877ರಲ್ಲಿದ್ದದ್ದು ಭಾರೀ ಎಲ್ ನಿನೊ. 1972, 2002, 2009, 2015 ಕೂಡ ಎಲ್ ನಿನೊ ವರ್ಷಗಳೇ. ಅಂಥ ವರ್ಷಗಳಲ್ಲಿ ಮುಂಗಾರು ಸೊರಗಿದರೂ ದಕ್ಷಿಣದಲ್ಲಿ ಹಿಂಗಾರು ಎಷ್ಟೋ ಸಲ ವಾಡಿಕೆ ಮೀರಿ ಸುರಿಯುತ್ತದೆ. ಡಿಸೆಂಬರ್ 31ಕ್ಕೆ ಕೂಡಿಸಿದರೆ ಮೊತ್ತ ಸರಿಯಾಗಿರುತ್ತದೆ, ಹೊಲ ಮಾತ್ರ ಸೆಪ್ಟೆಂಬರಿನಲ್ಲೇ ಸತ್ತಿರುತ್ತದೆ.

ಮಳೆ ತಪ್ಪಿದಾಗ ಊರುಗಳು ಏನೇನು ಮಾಡುತ್ತಿದ್ದವು ಎಂಬುದನ್ನು ಬರೀ ಚಂದದ ಆಚರಣೆಗಳ ಪಟ್ಟಿ ಮಾಡುವುದು ನನಗೆ ಇಷ್ಟವಿಲ್ಲ. ಮಕ್ಕಳು ಮಳೆರಾಯನನ್ನು ಹೊತ್ತು ಬಾಗಿಲು ಬಾಗಿಲಿಗೆ ಹೋಗುವುದು, ಹೆಂಗಸರು ಅದರ ಮೇಲೆ ಕೊಡ ನೀರು ಸುರಿಯುವುದು, ಗುಡಿಯಲ್ಲಿ ವಿರಾಟಪರ್ವ ಓದಿಸುವುದು ಇವು ನೋಡಲು ಕೇಳಲು ಚೆನ್ನ. ಆದರೆ ತೊನ್ನಿದ್ದವರ ಹೆಣ ಹೂತದ್ದರಿಂದಲೇ ಮಳೆ ಹೋಯಿತೆಂದು ರಾತ್ರಿ ಗೋರಿ ಅಗೆದು ತೆಗೆಯುತ್ತಿದ್ದದ್ದೂ ಇದೇ ಸೀಮೆಯಲ್ಲಿ. ದೀರ್ಘ ಬಿಡುವು ಜನರನ್ನು ಅಲ್ಲಿಗೂ ತಳ್ಳುತ್ತದೆ.

ಇನ್ನು ಕಡಲೆಕಾಯಿ. ಅರವತ್ತರ ದಶಕದಿಂದೀಚೆಗೆ ಎಣ್ಣೆ ಗಾಣಗಳೂ ಸಾಲ ಕೊಡುವವರೂ ಅದನ್ನೇ ಕೇಳಿದರು. ಒಂದು ಕಾಲಕ್ಕೆ ಅವಿಭಜಿತ ಜಿಲ್ಲೆಯಲ್ಲಿ ಏಳೆಂಟು ಲಕ್ಷ ಹೆಕ್ಟೇರ್ ಬರೀ ಕಡಲೆಕಾಯಿ. ನವಣೆ, ಸಜ್ಜೆ, ಅಕ್ಕಡಿ ಸಾಲು ಎಲ್ಲ ಅದರ ಕೆಳಗೆ ಹೋದವು. ದುಡ್ಡು ಬಂದದ್ದು ನಿಜ, ಅದನ್ನು ಹೀಗಳೆಯುವುದು ಸರಿಯಲ್ಲ. ನಮ್ಮ ಮನೆಯಲ್ಲಿ ಹೆಂಚಿನ ಛಾವಣಿ ಬಂದದ್ದೂ, ನಾನು ಕಾಲೇಜಿನ ಮುಖ ಕಂಡದ್ದೂ ಕಡಲೆಕಾಯಿ ದುಡ್ಡಿನಲ್ಲೇ. ಆದರೆ ಆ ಗಿಡದ ಸ್ವಭಾವ ನೋಡಿ. ಜುಲೈನಲ್ಲಿ ಒಂದು ಹದ ಮಳೆಗೆ ಬಿತ್ತುತ್ತಾರೆ. ತಿಂಗಳಿಗೆ ಹೂ. ಹೂ ಉದುರಿದ ಮೇಲೆ ಸೂಜಿಯಂಥದ್ದೊಂದು ಹೊರಟು ಮಣ್ಣಿಗೆ ಚುಚ್ಚಿಕೊಂಡು ಒಳಗೆ ಕಾಯಿ ಕಟ್ಟಬೇಕು. ಆಗಸ್ಟ್, ಸೆಪ್ಟೆಂಬರಿನ ಆ ಹೊತ್ತಿಗೆ ಮಣ್ಣು ಮೆತ್ತಗಿರಬೇಕು. ನಮ್ಮ ಬಿಡುವು ಬೀಳುವುದೂ ಬಹುತೇಕ ಆಗಲೇ. ಒಣಗಿ ಬಿರುಸಾದ ನೆಲದ ಮೇಲೆ ಸೂಜಿ ಹಾಗೇ ಬಾಡುತ್ತದೆ. ಆಮೇಲೆ ಅಕ್ಟೋಬರಿನಲ್ಲಿ ಒಂದೇ ರಾತ್ರಿ ಎಂಬತ್ತು ಮಿಲಿಮೀಟರ್ ಸುರಿದರೆ ನನ್ನ ಲೋಟ ತುಂಬುತ್ತದೆ, ಬಳ್ಳಿ ಹಸಿರಾಗುತ್ತದೆ, ಕಿತ್ತರೆ ಜೊಳ್ಳು. ಆ ಎಂಬತ್ತರಿಂದಾಗಿ ವಾಡಿಕೆ ಮುಟ್ಟಿದ ಮಂಡಲ ಬರದ ಪಟ್ಟಿಯಿಂದ ಬಿಟ್ಟುಹೋಗುತ್ತಿತ್ತು. ಅಂಕಿ ಬರೆದವನು ನಾನೇ ಆದ್ದರಿಂದ ಬೈಗುಳವೂ ನನಗೇ. ಬಿತ್ತನೆಗೆ ಸಾಲ, ಬೋರಿಗೆ ಸಾಲ, ಬೋರು ಬತ್ತಿದ ಮೇಲೆ ಇನ್ನೊಂದು ಬೋರು. ಆ ವರ್ಷಗಳ ಸಾವುಗಳ ಬಗ್ಗೆ ಪತ್ರಿಕೆಗಳು ಸಾಕಷ್ಟು ಬರೆದಿವೆ.

ಕೇಂದ್ರ ಸರ್ಕಾರದ ಬರ ನಿರ್ವಹಣೆಯ ಹೊಸ ಕೈಪಿಡಿ ಬಂದದ್ದು 2016ರಲ್ಲಿ. ಮಳೆಯ ಕೊರತೆಯ ಜೊತೆಗೆ ವಾರಗಟ್ಟಲೆ ಬೀಳುವ ಬಿಡುವನ್ನೂ ಬರದ ಗುರುತೆಂದು ಅದರಲ್ಲಿ ಸೇರಿಸಿದ್ದಾರೆ. ಓದಿದಾಗ ನನಗೆ ನೆನಪಾದದ್ದು ಟೀ ಅಂಗಡಿಯ ತಾತನ ಎರಡು ಬೆಟ್ಟು ಹಸಿ. ಅವರು ಅಷ್ಟರಲ್ಲಿ ತೀರಿಹೋಗಿದ್ದರು.

ಈಚೆಗೆ ಆಂಧ್ರದ ನೈಸರ್ಗಿಕ ಕೃಷಿಯವರು ಹೇಳಿಕೊಡುವ ಒಂದು ಪದ್ಧತಿ ನಮ್ಮ ಕಡೆಗೂ ಬಂದಿದೆ. ಮುಂಗಾರಿಗೆ ಮುಂಚೆ, ಬೇಸಿಗೆಯಲ್ಲೇ, ಒಣ ಮಣ್ಣಿಗೆ ಹತ್ತಾರು ಬಗೆಯ ಕಾಳನ್ನು ಜೇಡಿ, ಬೂದಿ, ಗಂಜಲ ಸವರಿ ಬಿತ್ತುವುದು. ಭರಣಿಗೆ ಬಂದರೆ ಭರಣಿಗೆ, ರೋಹಿಣಿಗೆ ಬಂದರೆ ರೋಹಿಣಿಗೆ, ಯಾವ ಹನಿಗೆ ಯಾವುದು ಹುಟ್ಟುತ್ತದೋ ಹುಟ್ಟಲಿ ಎಂಬ ಲೆಕ್ಕ. ಎಲ್ಲ ಕಡೆ ಗೆದ್ದಿದೆ ಎಂದು ನಾನು ಹೇಳಲಾರೆ, ಕಳೆಯ ಕಾಟ ಇದ್ದೇ ಇದೆ. ನನ್ನ ತಮ್ಮನ ಮಗ ಹೋದ ಬೇಸಿಗೆಯಲ್ಲಿ ಒಂದು ಎಕರೆಗೆ ಹೀಗೆ ನವಣೆ, ಸಜ್ಜೆ, ಅಲಸಂದೆ, ಹುರುಳಿ, ತೊಗರಿ, ಹರಳು ಕಲಸಿ ಹಾಕಿದ್ದಾನೆ. ಉಳಿದ ಎರಡು ಎಕರೆ ಕಡಲೆಕಾಯಿಗೇ. ಸಾಲ ಕೊಡುವವರು ಕೇಳುವುದು ಅದನ್ನೇ, ಅವನು ತಾನೇ ಏನು ಮಾಡಿಯಾನು.